ತೆಂಗಿನಮರದ ಹಾರನ್ನು ಹೇಳಿದ ನಂಬರ್ ಒನ್

1987ರಲ್ಲಿ ಬ್ರಿಟನ್ನಿನಲ್ಲಿ ಅತಿ ಹೆಚ್ಚು ಮಾರಾಟವಾದ ಹಾಡು ಯಾವುದು ಎಂದು ಕೇಳಿದರೆ ಉತ್ತರ ಒಂದೇ. ರಿಕ್ ಆಸ್ಟ್ಲಿ ಎಂಬ ಇಪ್ಪತ್ತೊಂದರ ಹುಡುಗ ಹಾಡಿದ ‘ನೆವರ್ ಗೊನ್ನ ಗಿವ್ ಯೂ ಅಪ್’. ಆಗಸ್ಟ್ ಕೊನೆಯಲ್ಲಿ ಅಲ್ಲಿನ ಮಾರಾಟದ ಪಟ್ಟಿಯ ತುದಿ ಮುಟ್ಟಿದ್ದು ಐದು ವಾರ ಅಲ್ಲಿಂದ ಕದಲಲಿಲ್ಲ. ಅದಕ್ಕೆ ಮೊದಲು ಅಲ್ಲಿ ಯಾರಿದ್ದರು, ಆಮೇಲೆ ಯಾರು ಬಂದರು, ಹದಿನೇಳನೇ ಸ್ಥಾನದಲ್ಲಿ ಯಾರು ಏದುಸಿರು ಬಿಡುತ್ತಿದ್ದರು, ಎಲ್ಲಕ್ಕೂ ವಾರವಾರದ ದಾಖಲೆ ಉಂಟು.

ಅದೇ ವರ್ಷ ನಮ್ಮ ಮಂಡ್ಯ ಸೀಮೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ನಂಬರ್ ಒನ್ ಹಾಡು ಯಾವುದಾಗಿತ್ತು? ದಾಖಲೆ ಇಲ್ಲ. ಆದರೆ ಆಗ ಹತ್ತು ವರ್ಷ ತುಂಬಿದ್ದ ಯಾರನ್ನೇ ಕೇಳಿ, ಥಟ್ಟನೆ ಹೇಳುತ್ತಾರೆ. ಹೇಳಿದ ಮರುಗಳಿಗೆಯೇ ಪಕ್ಕದಲ್ಲಿ ಕೂತವರು ಜಗಳಕ್ಕೆ ಬರುತ್ತಾರೆ. ಒಬ್ಬರಿಗೆ ‘ಪ್ರೇಮಲೋಕ’, ಇನ್ನೊಬ್ಬರಿಗೆ ‘ಒಲವಿನ ಉಡುಗೊರೆ’. ಮೂರನೆಯವರು ಅಣ್ಣಾವ್ರ ಹೆಸರೆತ್ತಿ ಮಾತನ್ನು ಅಲ್ಲಿಗೇ ಮುಗಿಸಿಬಿಡುತ್ತಾರೆ.

ಬ್ರಿಟಿಷರ ಪಟ್ಟಿ ಶುರುವಾದದ್ದು 1952ರ ನವೆಂಬರಿನಲ್ಲಿ. ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’ ಪತ್ರಿಕೆಯ ಪರ್ಸಿ ಡಿಕಿನ್ಸ್ ಎಂಬಾತ ಒಂದಷ್ಟು ರೆಕಾರ್ಡ್ ಅಂಗಡಿಗಳಿಗೆ ಫೋನು ಮಾಡಿ, ಈ ವಾರ ಯಾವ ಪ್ಲೇಟು ಜಾಸ್ತಿ ಹೋಯಿತು ಎಂದು ಕೇಳಿ ಕೂಡಿಸಿ ಬರೆದ. 1983ರ ಹೊತ್ತಿಗೆ ಗ್ಯಾಲಪ್ ಸಂಸ್ಥೆ ಅಂಗಡಿಗಳಲ್ಲಿ ಯಂತ್ರ ಇಟ್ಟು ಎಣಿಸತೊಡಗಿತು. 1987ರ ಅಕ್ಟೋಬರಿನಿಂದ ಹೊಸ ಪಟ್ಟಿಯನ್ನು ಭಾನುವಾರ ಸಂಜೆ ಬಿಬಿಸಿಯ ರೇಡಿಯೊ ಒನ್‌ನಲ್ಲೇ ಮೊದಲು ಬಿಡುಗಡೆ ಮಾಡುವ ಪದ್ಧತಿ ಬಂತು. ನಲವತ್ತರಿಂದ ಒಂದರವರೆಗೆ ಇಳಿಯುತ್ತ ಬರುವ ಆ ಕಾರ್ಯಕ್ರಮಕ್ಕೆ ಅಲ್ಲಿನ ಹುಡುಗರು ಟೇಪ್ ರೆಕಾರ್ಡರಿನ ಗುಂಡಿ ಒತ್ತಿ ಕಾಯುತ್ತಿದ್ದರಂತೆ. ನಮ್ಮಲ್ಲಿ ಆ ವರ್ಷ ಭಾನುವಾರಕ್ಕೆ ಕಾಯುತ್ತಿದ್ದದ್ದು ಬೆಳಗಿನ ಹೊತ್ತು, ರಮಾನಂದ ಸಾಗರರ ರಾಮಾಯಣಕ್ಕೆ. ಜನವರಿ 25ರಂದು ಅದು ಶುರುವಾದ ಮೇಲೆ ಟಿವಿ ಇದ್ದ ಮನೆಯ ಜಗಲಿ ಹಳ್ಳಿಯ ಪಾಲಾಯಿತು.

ಹಿಂದಿಗೂ ಒಂದು ಪಟ್ಟಿ ಇತ್ತು. ಬ್ರಿಟಿಷರದು ಹುಟ್ಟಿದ ಮರುತಿಂಗಳೇ, 1952ರ ಡಿಸೆಂಬರಿನಲ್ಲಿ, ರೇಡಿಯೊ ಸಿಲೋನಿನಲ್ಲಿ ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ ಮೊದಲಾಯಿತು. ಕನ್ನಡಕ್ಕೆ ಮಾತ್ರ ಊರೂರಿಗೂ ಗೊತ್ತಿರುವಂಥ ಪಟ್ಟಿ ಬರಲೇ ಇಲ್ಲ. ನಮಗಿದ್ದದ್ದು ಆಕಾಶವಾಣಿಯ ಕೋರಿಕೆ ಗೀತೆ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದಿದ್ದರು. ಅದರ ನೆರೆಯಲ್ಲೇ ಇದ್ದ ಈ ತಾಲ್ಲೂಕುಗಳಿಗೆ ರೇಡಿಯೊ ದೂರದ ವಸ್ತುವಾಗಿರಲಿಲ್ಲ. ಕಾರ್ಡು ಬರೆದು ಕಳಿಸಿದರೆ ಹಾಡಿಗೆ ಮೊದಲು ಹೆಸರು, ಊರು, ತಾಲ್ಲೂಕು ಓದುತ್ತಿದ್ದರು. ನಿಜ ಹೇಳಬೇಕೆಂದರೆ ಎಷ್ಟೋ ಮಂದಿಗೆ ಹಾಡಿಗಿಂತ ಆ ಹೆಸರಿನ ಪಟ್ಟಿಯೇ ಮುಖ್ಯವಾಗಿತ್ತು. ಒಂದೇ ಮನೆಯ ಆರು ಜನರ ಹೆಸರು ಹಾಕಿ ಬರೆದ ಕಾರ್ಡುಗಳು ಹೋಗುತ್ತಿದ್ದವು, ತೊಟ್ಟಿಲ ಕೂಸನ್ನೂ ಸೇರಿಸಿ.

ಹಾಗಾದರೆ ಯಾವ ಹಾಡು ಮೇಲೆ, ಯಾವುದು ಕೆಳಗೆ ಎಂದು ಇಲ್ಲಿ ತೀರ್ಮಾನ ಮಾಡುತ್ತಿದ್ದವರು ಯಾರು? ಮೈಕ್ ಸೆಟ್ಟಿನವರು. ಇದನ್ನು ನಾನು ತಮಾಷೆಗೆ ಹೇಳುತ್ತಿಲ್ಲ.

ಮದುವೆಯ ಹಿಂದಿನ ದಿನ ಸೈಕಲ್ಲಿನ ಕ್ಯಾರಿಯರಿಗೋ ಎತ್ತಿನಗಾಡಿಗೋ ಆಂಪ್ಲಿಫೈಯರ್ ಪೆಟ್ಟಿಗೆ ಕಟ್ಟಿಕೊಂಡು ಬರುತ್ತಿದ್ದರು. ಜೊತೆಗೊಬ್ಬ ಹುಡುಗ. ಅವನ ಕೆಲಸ ತೆಂಗಿನಮರ ಹತ್ತಿ ಹಾರನ್ ಕಟ್ಟುವುದು: ಒಂದು ಊರಿನ ಕಡೆಗೆ, ಇನ್ನೊಂದು ಬೀಗರ ಊರಿನ ದಾರಿಯ ಕಡೆಗೆ. ವೈರು ಎಳೆದು, ಕರೆಂಟು ಕೊಟ್ಟು, ಮೈಕಿಗೆ ಉಫ್ ಎಂದು ಊದಿ ಒನ್ ಟೂ ತ್ರೀ ಎಂದರೆ ಮಕ್ಕಳ ಹಿಂಡು ಸುತ್ತುವರಿಯಿತು ಎಂದೇ ಲೆಕ್ಕ. ಮೊದಲೆಲ್ಲ ಪ್ಲೇಟುಗಳು, ಎಂಬತ್ತರ ದಶಕ ನಡುವಿಗೆ ಬರುವಷ್ಟರಲ್ಲಿ ಕ್ಯಾಸೆಟ್ಟು. ರೇಕಿನ ಪೆಟ್ಟಿಗೆಯಲ್ಲಿ ಸಾಲಾಗಿ ನಿಂತ ಕ್ಯಾಸೆಟ್ಟುಗಳ ಬೆನ್ನ ಮೇಲೆ ನೀಲಿ ಪೆನ್ನಿನ ಬರಹ: ಭಕ್ತಿ, ಅಣ್ಣಾವ್ರು, ಡ್ಯುಯೆಟ್, ಹೊಸಾದು. ಟೇಪು ಸಿಕ್ಕಿಕೊಂಡರೆ ಪೆನ್ಸಿಲ್ಲು ತೂರಿಸಿ ಸುತ್ತುವ ಕೈಚಳಕ ನೋಡಲಿಕ್ಕೇ ನಾಲ್ಕು ಜನ ನಿಲ್ಲುತ್ತಿದ್ದರು.

ಹಾಡು ಹಾಕುವುದಕ್ಕೆ ಕ್ರಮವಿತ್ತು, ಯಾರೂ ಬರೆದಿಡದ ಕ್ರಮ. ನಸುಕಿಗೆ ಎಂ.ಎಸ್. ಸುಬ್ಬುಲಕ್ಷ್ಮಿಯವರ ಸುಪ್ರಭಾತ. ಆಮೇಲೆ ಗಣಪತಿ, ಮನೆದೇವರು. ಚಪ್ಪರದಲ್ಲಿ ತಿಂಡಿ ಶುರುವಾದರೆ ರಾಜ್‌ಕುಮಾರ್. ಧಾರೆಯ ಹೊತ್ತಿಗೆ ಮೈಕ್ ಸೆಟ್ಟು ಬಾಯಿ ಮುಚ್ಚಬೇಕು, ಅದು ವಾಲಗದವರ ಪಾಲು. ಊಟದ ಪಂಕ್ತಿ ಕೂತ ಮೇಲೆ, ಹಿರಿಯರು ಎಲೆಅಡಿಕೆಗೆ ಕೈಹಾಕಿದ ಮೇಲೆ, ಹೊಸ ಹಾಡುಗಳಿಗೆ ಅಪ್ಪಣೆ. ವಿಷಾದದ ಹಾಡು ಮಾತ್ರ ಬರಲೇಕೂಡದು. ಕ್ಯಾಸೆಟ್ಟಿನ ಬಿ ಸೈಡಿನಲ್ಲಿ ಅಂಥದೊಂದು ಮರೆತು ಬಂದುಬಿಟ್ಟರೆ ಅಡುಗೆ ಮನೆಯಿಂದಲೇ ಕೂಗು ಬೀಳುತ್ತಿತ್ತು: “ಯಾವನ್ಲಾ ಅವ್ನು, ಶುಭಕಾರ್ಯದಲ್ಲಿ ಅಳೋ ಪದ ಹಾಕಿರೋನು? ತೆಗಿಯೋ ಮೊದ್ಲು!” ಬ್ರಿಟನ್ನಿನ ಪಟ್ಟಿಯಲ್ಲಿ ಹಾಡನ್ನು ಹೀಗೆ ಎದ್ದುನಿಂತು ಇಳಿಸುವ ಅಧಿಕಾರ ಯಾವ ಅಜ್ಜಿಗೂ ಇರಲಿಲ್ಲ.

ಅಲ್ಲಿ ಎಣಿಸುತ್ತಿದ್ದದ್ದು ಮಾರಾಟ. ಒಬ್ಬ ಹುಡುಗ ತನಗಾಗಿ ಕೊಂಡ ಪ್ಲೇಟು. ಇಲ್ಲಿ ಒಬ್ಬರು ದುಡ್ಡು ಕೊಟ್ಟರೆ ಊರೇ ಕೇಳಬೇಕು, ಪಕ್ಕದೂರೂ ಕೇಳಬೇಕು. ಹಾಗಾಗಿ ಇಲ್ಲಿ ಹಾಡು ಹಿಡಿಸಿದರಷ್ಟೇ ಸಾಲದು, ಅದಕ್ಕೊಂದು ಕೆಲಸ ಸಿಗಬೇಕು. ಬೆಳಗು ಮಾಡುವ ಕೆಲಸ, ಬೀಗರನ್ನು ಎದುರುಗೊಳ್ಳುವ ಕೆಲಸ, ಉಂಡವರನ್ನು ಏಳದಂತೆ ಕೂರಿಸುವ ಕೆಲಸ. ಕೆಲಸ ಸಿಕ್ಕ ಹಾಡು ಹತ್ತು ವರ್ಷ, ಇಪ್ಪತ್ತು ವರ್ಷ ನಿಂತಿತು. ಸಿಗದಿದ್ದದ್ದು ಎಷ್ಟೇ ಚೆನ್ನಾಗಿದ್ದರೂ ಆ ಸಿನಿಮಾದ ಜೊತೆಗೇ ಊರು ಬಿಟ್ಟಿತು.

ಇದಕ್ಕೆ ಟೆಂಟಿಗಿಂತ ಒಳ್ಳೆಯ ಸಾಕ್ಷಿ ಬೇಡ. ಆಗ ನಮ್ಮ ಸೀಮೆಯ ಹೋಬಳಿ ಊರುಗಳಲ್ಲಿ ಟೂರಿಂಗ್ ಟಾಕೀಸುಗಳಿದ್ದವು. ಸಂಜೆಗತ್ತಲಲ್ಲಿ ಟೆಂಟಿನ ಮೇಲಿನ ಹಾರನ್ನಿನಿಂದ ಒಂದರ ಹಿಂದೊಂದು ಸಿನಿಮಾ ಹಾಡು ಬರುತ್ತಿತ್ತು. ಗದ್ದೆಯಲ್ಲಿದ್ದವರು ಅದನ್ನು ಕೇಳಿಕೊಂಡೇ ಕೆಲಸ ಮುಂದುವರಿಸುತ್ತಿದ್ದರು. ಘಂಟಸಾಲ ಹಾಡಿದ ತಿರುಪತಿ ತಿಮ್ಮಪ್ಪನ ಆ ತೆಲುಗು ಹಾಡು ಶುರುವಾದರೆ ಮಾತ್ರ ಗುದ್ದಲಿ ಕೆಳಗೆ ಬೀಳುತ್ತಿತ್ತು. ಟಿಕೆಟ್ ಕೊಡಲು ಶುರುಮಾಡಿದ್ದಾರೆ ಎಂದು ಅದರ ಅರ್ಥ. ಘಂಟಸಾಲ ತೀರಿಕೊಂಡದ್ದು 1974ರಲ್ಲಿ. ಆಮೇಲೂ ವರ್ಷಗಟ್ಟಲೆ ಕನ್ನಡ ನಾಡಿನ ಟೆಂಟುಗಳಲ್ಲಿ ಅವರ ದನಿ ದಿನಕ್ಕೆರಡು ಸಲ ಕೌಂಟರ್ ತೆರೆಸಿತು. ತೆಲುಗು ಬಾರದ ಜನ ಅದನ್ನು ಪೂರ್ತಿ ಬಾಯಿಪಾಠ ಹೇಳುತ್ತಿದ್ದರು. ಎಷ್ಟು ಸಲ ಕೇಳಿಸಿತು ಎಂಬುದನ್ನಷ್ಟೇ ಎಣಿಸುವುದಾದರೆ 1987ರ ನಂಬರ್ ಒನ್ ಪಟ್ಟವನ್ನು ನಾನು ಕಣ್ಣುಮುಚ್ಚಿ ಅದಕ್ಕೇ ಕೊಡುತ್ತೇನೆ, ಪ್ರೇಮಲೋಕದವರು ಬೈದುಕೊಂಡರೂ ಸರಿ.

ಪ್ರೇಮಲೋಕದವರ ವಾದ ಸುಲಭಕ್ಕೆ ತಳ್ಳಿಹಾಕುವಂಥದಲ್ಲ, ನಿಜ. ರವಿಚಂದ್ರನ್ ನಿರ್ದೇಶಿಸಿ ನಟಿಸಿದ ಆ ಚಿತ್ರ ‘ಗ್ರೀಸ್ 2’ ಎಂಬ 1982ರ ಅಮೆರಿಕನ್ ಸಿನಿಮಾದ ಎಳೆ ಹಿಡಿದು ಹುಟ್ಟಿದ್ದು. ಕಾಲೇಜು, ಮೋಟಾರ್ ಬೈಕು, ಜೂಹಿ ಚಾವ್ಲಾ. ಆದರೆ ಅದನ್ನು ಹೊತ್ತು ನಡೆದದ್ದು ಹಂಸಲೇಖ. ಪದವೂ ಅವರದೇ, ರಾಗವೂ ಅವರದೇ. ಅದುವರೆಗಿನ ಚಿತ್ರಗೀತೆಯಲ್ಲಿ ನಾಯಕ ನಾಯಕಿಯರು ಹೂವು, ಚಂದ್ರ, ಹೊಳೆಗಳ ಸಾಕ್ಷಿಯಲ್ಲಿ ಪ್ರೀತಿ ಮಾಡುತ್ತಿದ್ದರು. ಇಲ್ಲಿ ಹುಡುಗ ಹುಡುಗಿ ಬಸ್‌ಸ್ಟ್ಯಾಂಡಿನಲ್ಲಿ ಕಿತ್ತಾಡುವ ಹಾಗೆ ಹಾಡಿದರು. ಕಥೆಯ ಮಾತೇ ಹಾಡಾಗಿ, ಒಂದು ಹಾಡು ನಿಂತ ಕಡೆಯಿಂದ ಇನ್ನೊಂದು ಎದ್ದುಕೊಂಡು, ಹತ್ತರ ಆಸುಪಾಸು ಹಾಡುಗಳು. ಎಸ್.ಪಿ. ಬಾಲಸುಬ್ರಹ್ಮಣ್ಯಂ ಮತ್ತು ಎಸ್. ಜಾನಕಿ ಅವನ್ನು ಹಾಡಿದ್ದಕ್ಕಿಂತ ನಟಿಸಿದ್ದೇ ಹೆಚ್ಚು. ಲಹರಿ ಸಂಸ್ಥೆಯ ಆ ಕ್ಯಾಸೆಟ್ಟು ಲಕ್ಷಗಟ್ಟಲೆ ಹೋಯಿತು. ಮೈಸೂರು, ಮಂಡ್ಯಕ್ಕೆ ಕಾಲೇಜಿಗೆ ಹೋಗಿಬರುವ ಹುಡುಗರು ಕೂರುತ್ತಿದ್ದ ಪ್ರೈವೇಟ್ ಬಸ್ಸುಗಳಲ್ಲಿ ಡ್ರೈವರ್ ತಲೆಯ ಮೇಲಿನ ಟೇಪಿಗೆ ಬೇರೆ ಉಸಿರೇ ಇರಲಿಲ್ಲ. ಹಾಡಿಗಾಗಿಯೇ ಬಸ್ಸು ಬಿಟ್ಟು ಬಸ್ಸು ಕಾಯುವವರಿದ್ದರು ಎಂದರೆ ಈಗಿನವರು ನಂಬಲಿಕ್ಕಿಲ್ಲ.

ಆದರೂ ಮದುವೆಯ ಚಪ್ಪರಕ್ಕೆ ಪ್ರೇಮಲೋಕ ಬಂದದ್ದು ಹಿಂಬಾಗಿಲಿನಿಂದ. ಅದರ ಹಾಡುಗಳು ತುಂಬ ತುಂಟ. ಧಾರೆ ಮುಗಿದು, ಮಾವನವರು ನಿದ್ದೆಗೆ ಜಾರಿದ ಮೇಲೆ, ಹುಡುಗರು ಮೈಕ್ ಸೆಟ್ಟಿನವನಿಗೆ ಒಂದು ಬೀಡಿಯೋ ಸೋಡಾವೋ ಕೊಟ್ಟು ಹಾಕಿಸಿಕೊಳ್ಳಬೇಕಿತ್ತು.

‘ಒಲವಿನ ಉಡುಗೊರೆ’ಗೆ ಆ ತೊಂದರೆ ಇರಲಿಲ್ಲ. ಡಿ. ರಾಜೇಂದ್ರಬಾಬು ನಿರ್ದೇಶನ, ಎಂ. ರಂಗರಾವ್ ಸಂಗೀತ, ನಾಯಕ ಅಂಬರೀಷ್. ಬ್ರಿಟಿಷರ ಪಟ್ಟಿ, ಗೀತಮಾಲಾ ಶುರುವಾದ 1952ರಲ್ಲೇ ಹುಟ್ಟಿದವರು ಅಂಬರೀಷ್; ಊರು ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆ. ಅಂದರೆ ಮಂಡ್ಯದವರ ಮನೆಮಗ. ಏಳು ತಂತಿಯ ಪಿಟೀಲಿನ ಚೌಡಯ್ಯನವರ ಮೊಮ್ಮಗ ಎಂಬುದು ಅಷ್ಟೇನೂ ನೆನಪಿಗೆ ಬರುವುದಿಲ್ಲ. ತೆರೆಯ ಮೇಲೆ ಅವರ ಗುಡುಗು ಆ ಪಿಟೀಲನ್ನು ಮುಚ್ಚಿಹಾಕಿತ್ತು. ಅಂಥ ಗುಡುಗಿನ ಮನುಷ್ಯನ ತುಟಿಗೆ ರಂಗರಾವ್ ಜೋಡಿಸಿದ್ದು ಕೇರಳದ ಪಿ. ಜಯಚಂದ್ರನ್ ಅವರ ಮೆತ್ತಗಿನ ದನಿ. ಹೊಂದಬಾರದಿತ್ತು, ಹೊಂದಿತು. ಚಿತ್ರದ ಶೀರ್ಷಿಕೆ ಗೀತೆ ಸಿನಿಮಾ ಟೆಂಟು ಬಿಟ್ಟು ಹೋದ ಮೇಲೂ ಊರಲ್ಲೇ ಉಳಿಯಿತು. ಮದುಮಕ್ಕಳಿಗೆ ಮುಯ್ಯಿ ಮಾಡುವ ಹೊತ್ತು, ಜನ ಸಾಲಾಗಿ ಬಂದು ಪಾತ್ರೆಯನ್ನೋ ಲಕೋಟೆಯನ್ನೋ ಕೊಡುವ ಹೊತ್ತು, ಆ ಹಾಡಿಗೆ ಕೆಲಸ ಖಾಯಂ ಆಯಿತು. 2025ರ ಜನವರಿಯಲ್ಲಿ ಜಯಚಂದ್ರನ್ ತೀರಿಕೊಂಡಾಗ ಕನ್ನಡಿಗರು ಮೊದಲು ನೆನೆದದ್ದೂ ಅದನ್ನೇ.

ರಾಜ್‌ಕುಮಾರ್ ಅವರಿಗೂ ಆ ವರ್ಷ ಎರಡು ಚಿತ್ರ: ‘ಶ್ರುತಿ ಸೇರಿದಾಗ’ ಮತ್ತು ಶಂಕರ್‌ನಾಗ್ ನಿರ್ದೇಶನದ ‘ಒಂದು ಮುತ್ತಿನ ಕಥೆ’. ಅಣ್ಣಾವ್ರನ್ನು ಪಟ್ಟಿಯೊಳಗೆ ಸೇರಿಸಿ ಅಳೆಯುವುದನ್ನು ಈ ತಾಲ್ಲೂಕುಗಳಲ್ಲಿ ಯಾರೂ ಒಪ್ಪುತ್ತಿರಲಿಲ್ಲ. ಅವರು ಪಟ್ಟಿಯ ಮೇಲಿದ್ದರು.

1987 ದೇಶಕ್ಕೇ ಬರಗಾಲದ ವರ್ಷವೆಂಬುದನ್ನೂ ಇಲ್ಲಿ ಹೇಳಬೇಕು. ನಾಲ್ಕು ತಾಲ್ಲೂಕನ್ನು ಒಂದೇ ಉಸಿರಿನಲ್ಲಿ ಹೇಳುತ್ತೇವೆ, ಆದರೆ ಶ್ರೀರಂಗಪಟ್ಟಣ, ಪಾಂಡವಪುರಗಳದು ಕನ್ನಂಬಾಡಿ ಕಾಲುವೆಯ ಬದುಕು: ಭತ್ತ, ಕಬ್ಬು, ಸಕ್ಕರೆ ಕಾರ್ಖಾನೆಯ ಸೈರನ್ನು. ನಾಗಮಂಗಲದ್ದು ರಾಗಿ, ತೆಂಗು, ಮುಗಿಲು ನೋಡುವ ಬದುಕು. ಕೆ.ಆರ್. ಪೇಟೆ ಹೇಮಾವತಿಯ ದೆಸೆಯಿಂದ ಎರಡರ ನಡುವೆ. ಮೈಕ್ ಸೆಟ್ಟಿನ ಅಬ್ಬರವೂ ಇದೇ ನೀರಿನ ಲೆಕ್ಕದಲ್ಲಿರುತ್ತಿತ್ತು. ಕಬ್ಬಿನ ದುಡ್ಡು ಬಂದ ಊರಲ್ಲಿ ನಾಲ್ಕು ಹಾರನ್, ಸೀರಿಯಲ್ ಸೆಟ್ಟು, ಮೂರು ದಿನ. ಮಳೆ ಕೈಕೊಟ್ಟ ಊರಲ್ಲಿ ಒಂದೇ ಹಾರನ್, ಒಂದೇ ಹಗಲು.

ಈ ಹಾರನ್ನುಗಳಿಂದ ಬಾಯಿ ಕಟ್ಟಿಸಿಕೊಂಡವರೂ ಇದ್ದರು. ಅರಿಶಿನ ಕುಟ್ಟುವಾಗ, ಚಪ್ಪರ ಹಾಕುವಾಗ, ಹೆಣ್ಣೊಪ್ಪಿಸುವಾಗ ಸೋಬಾನೆ ಹೇಳುತ್ತಿದ್ದ ಹೆಂಗಸರು. ಒಂದೊಂದು ಶಾಸ್ತ್ರಕ್ಕೂ ಒಂದೊಂದು ಪದ, ಅದನ್ನು ಎತ್ತಿಕೊಡುವ ಒಬ್ಬಾಕೆ, ಹಿಂದೆ ಸೊಲ್ಲು ಹಿಡಿಯುವ ನಾಲ್ಕೈದು ಮಂದಿ. ತೆಂಗಿನಮರದ ಮೇಲಿನಿಂದ ಸುರಿಯುವ ಸದ್ದಿನ ಕೆಳಗೆ ಅವರ ದನಿ ಚಪ್ಪರದಾಚೆಗೂ ಹೋಗುತ್ತಿರಲಿಲ್ಲ. ಕ್ರಮೇಣ ‘ಟೇಪ್ ಹಾಕವ್ರಲ್ಲ, ನಾವ್ಯಾಕೆ ಗಂಟ್ಲು ನೋಯಿಸ್ಕಬೇಕು’ ಎಂದು ಅವರೇ ಸುಮ್ಮನಾದರು. ಕೆಲಸ ಕೊಟ್ಟ ಮೈಕ್ ಸೆಟ್ಟೇ ಇನ್ನೊಬ್ಬರ ಕೆಲಸ ಕಿತ್ತುಕೊಂಡಿತ್ತು. ನನ್ನಂಥವರು ಕ್ಯಾಸೆಟ್ ಕಾಲವನ್ನು ಹಾಡಿ ಹೊಗಳುವಾಗ ಈ ಮಾತು ನುಂಗಿಬಿಡುವುದು ರೂಢಿ.

ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ ಹುಟ್ಟಿದ ಎಚ್.ಎಲ್. ನಾಗೇಗೌಡರು ಆ ಅಪಾಯವನ್ನು ಬಹಳ ಮೊದಲೇ ಕಂಡವರು. ದೊಡ್ಡ ಅಧಿಕಾರಿಯಾಗಿದ್ದುಕೊಂಡೇ ಹಳ್ಳಿಯ ಹಾಡುಗಾರ್ತಿಯರ ಮುಂದೆ ಕೂತು ಪದ ಬರೆದುಕೊಂಡರು, ಟೇಪಿಗೆ ಹಿಡಿದರು. ಯಾವ ಟೇಪು ಸೋಬಾನೆಯ ಬಾಯಿ ಕಟ್ಟಿತೋ ಅದೇ ಟೇಪಿನಲ್ಲಿ ಅದನ್ನು ಉಳಿಸಿದರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿ, ಮುಂದೆ ರಾಮನಗರದ ಬಳಿ ಜಾನಪದ ಲೋಕ ಎಬ್ಬಿಸಿದರು.

ಅವರು ಹುಟ್ಟಿದ್ದು 1915ರ ಫೆಬ್ರುವರಿ 11ರಂದು. ಅದಕ್ಕೆ ಬರೀ ಹದಿನಾರು ದಿನ ಮೊದಲು, ಜನವರಿ 26ರಂದು, ಪಕ್ಕದ ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ ಹುಟ್ಟಿದವರು ಕೆ.ಎಸ್. ನರಸಿಂಹಸ್ವಾಮಿ. ಒಬ್ಬರು ಹೆಂಗಸರ ಬಾಯಲ್ಲಿದ್ದ ಹಾಡನ್ನು ಪುಸ್ತಕಕ್ಕೆ ತಂದರು, ಇನ್ನೊಬ್ಬರ ಪುಸ್ತಕ ಹೆಂಗಸರ ಬಾಯಿಗೆ ಹಾಡಾಗಿ ಹೋಯಿತು. 1942ರಲ್ಲಿ ಬಂದ ‘ಮೈಸೂರು ಮಲ್ಲಿಗೆ’ಯನ್ನು ಪಿ. ಕಾಳಿಂಗರಾಯರು ಹಾಡಿದರು, ಮೈಸೂರು ಅನಂತಸ್ವಾಮಿ ಹಾಡಿದರು, ಸಿ. ಅಶ್ವತ್ಥ್ ಹಾಡಿ ಹಾಡಿಸಿದರು. ಕ್ಯಾಸೆಟ್ಟು ಬಂದ ಮೇಲೆ ಭಾವಗೀತೆ ಎಂಬುದಕ್ಕೂ ಒಂದು ಪೇಟೆ ಹುಟ್ಟಿತು. ಮೇಷ್ಟ್ರುಗಳ ಮನೆ, ಬ್ಯಾಂಕಿನವರ ಮನೆ, ಬೀಳ್ಕೊಡುಗೆ ಸಮಾರಂಭ. ಟಿ.ಎಸ್. ನಾಗಾಭರಣ ‘ಮೈಸೂರು ಮಲ್ಲಿಗೆ’ಯನ್ನೇ ಸಿನಿಮಾ ಮಾಡಿದಾಗ, ಐವತ್ತು ವರ್ಷದ ಹಿಂದೆ ಬರೆದ ಕವಿತೆಗಳಿಗೆ ನರಸಿಂಹಸ್ವಾಮಿಯವರಿಗೆ ಶ್ರೇಷ್ಠ ಗೀತರಚನೆಯ ರಾಷ್ಟ್ರಪ್ರಶಸ್ತಿ ಬಂತು. ಬ್ರಿಟನ್ನಿನ ಪಟ್ಟಿಗೆ ಹತ್ತು ವರ್ಷ ಹಿರಿಯ ಪುಸ್ತಕವದು.

ಈಗ ಆ ಪಟ್ಟಿಗೆ ಏನಾಗಿದೆ ನೋಡಿ. ವ್ಹಾಮ್ ತಂಡದ ‘ಲಾಸ್ಟ್ ಕ್ರಿಸ್‌ಮಸ್’ ಬಂದದ್ದು 1984ರಲ್ಲಿ. ಆ ಡಿಸೆಂಬರಿನಲ್ಲಿ ಇಥಿಯೋಪಿಯಾದ ಬರಗಾಲಕ್ಕೆಂದು ‘ಬ್ಯಾಂಡ್ ಏಡ್’ನವರು ಹಾಡಿದ ಹಾಡು ಮೇಲಿತ್ತು, ಇದು ಎರಡನೇ ಸ್ಥಾನಕ್ಕೇ ನಿಂತಿತು. ಮಾರಾಟದ ಲೆಕ್ಕದಲ್ಲಿ ಅದರ ಕಥೆ ಅಲ್ಲಿಗೆ ಮುಗಿಯಬೇಕಿತ್ತು. 2014ರಿಂದ ಅಲ್ಲಿ ಇಂಟರ್‌ನೆಟ್ಟಿನಲ್ಲಿ ಹಾಡು ಕೇಳಿದ್ದನ್ನೂ ಎಣಿಕೆಗೆ ಸೇರಿಸಿದರು. ಕೊಳ್ಳುವುದು ಒಂದೇ ಸಲ, ಕೇಳುವುದಕ್ಕೆ ಲೆಕ್ಕವಿದೆಯೇ? ಹಬ್ಬ ಬಂದಾಗೆಲ್ಲ ಜನ ಅದೇ ಹಾಡು ಹಾಕಿಕೊಂಡರು, ಹಾಡು ವರ್ಷವರ್ಷವೂ ಪಟ್ಟಿ ಹತ್ತಿತು. 2021ರ ಜನವರಿ 1ರಂದು, ಹುಟ್ಟಿದ ಮೂವತ್ತಾರು ವರ್ಷಕ್ಕೆ, ನಂಬರ್ ಒನ್ ಆಯಿತು. ಹಾಡಿದ ಜಾರ್ಜ್ ಮೈಕೇಲ್ 2016ರ ಕ್ರಿಸ್‌ಮಸ್ ದಿನವೇ ತೀರಿಕೊಂಡಿದ್ದ. ಕೇಳುವುದನ್ನು ಎಣಿಸತೊಡಗಿದ್ದೇ ತಡ, ಬ್ರಿಟನ್ನಿನ ಪಟ್ಟಿಯೂ ಹಬ್ಬದ ಪಂಚಾಂಗ ನೋಡಲು ಕಲಿಯಿತು. ನಮ್ಮ ಮೈಕ್ ಸೆಟ್ಟಿನವರು ಅದನ್ನು ಕಬ್ಬಿಣದ ಪೆಟ್ಟಿಗೆಯ ಮುಂದೆ ಕೂತು ಎಂದೋ ಮಾಡುತ್ತಿದ್ದರು. ರಿಕ್ ಆಸ್ಟ್ಲಿಯ ಹಾಡು ಉಳಿದದ್ದೂ ಹಾಗೇ: ಏನೋ ಮುಖ್ಯ ಕೊಂಡಿ ಎಂದು ನಂಬಿಸಿ ಒತ್ತಿಸಿದರೆ ಅವನ ಹಾಡು ಬರುವ ಕೀಟಲೆಯೊಂದು ಇಂಟರ್‌ನೆಟ್ಟಿನಲ್ಲಿ ಹುಟ್ಟಿತು. ಜನರನ್ನು ಬೇಸ್ತು ಬೀಳಿಸುವುದೂ ಒಂದು ಕೆಲಸವೇ.

ಯಾವ ಪಟ್ಟಿಗೂ ಸಿಗದ ಹಾಡುಗಳ ಜಾತಿಯೊಂದು ಮಾತ್ರ ಈ ಸೀಮೆಯಲ್ಲಿ ಇನ್ನೂ ಗಟ್ಟಿಯಾಗಿದೆ. ಸುಗ್ಗಿ ಮುಗಿದ ಮೇಲೆ ಯಾವುದಾದರೂ ಊರಲ್ಲಿ ‘ಕುರುಕ್ಷೇತ್ರ’ ನಾಟಕ ಕಟ್ಟುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳುಗಟ್ಟಲೆ ರಾತ್ರಿ ತಾಲೀಮು ನಡೆಸುತ್ತಾರೆ. ಪಾತ್ರಗಳಿಗೆ ಬೆಲೆ ಕಟ್ಟುವುದುಂಟು. ದುರ್ಯೋಧನ, ಕೃಷ್ಣ, ಭೀಮರಿಗೆ ಹೆಚ್ಚು. ಬೆಲೆ ಏರುವುದು ಮುಖ್ಯವಾಗಿ ಆ ಪಾತ್ರಕ್ಕಿರುವ ಹಾಡು, ಕಂದಗಳ ಮೇಲೆ. ಹಗಲು ಕಬ್ಬು ಕಡಿದವರು, ಪಂಚಾಯಿತಿ ಸದಸ್ಯರು, ಬಸ್ ಕಂಡಕ್ಟರುಗಳು ತಮ್ಮ ಕೈಯಿಂದಲೇ ದುಡ್ಡು ಹಾಕಿ ಹಾಡುವ ಹಕ್ಕು ಕೊಳ್ಳುತ್ತಾರೆ. ಬಾಡಿಗೆ ಸೀನರಿಯ ಮುಂದೆ, ಬೆಳಗಿನ ಜಾವ ಮೂರು ಗಂಟೆಗೆ, ದುರ್ಯೋಧನ ಶ್ರುತಿ ಬಿಟ್ಟು ಎಲ್ಲೋ ಹೋದರೂ ಒನ್ಸ್ ಮೋರ್ ಬೀಳುತ್ತದೆ. ಭಾವಮೈದುನ ವೇದಿಕೆ ಹತ್ತಿ ಕಿರೀಟಧಾರಿಯ ಎದೆಗೆ ನೋಟು ಸಿಕ್ಕಿಸುತ್ತಾನೆ, ಅದನ್ನು ಮೈಕಿನಲ್ಲಿ ಕೂಗಿ ಹೇಳುತ್ತಾರೆ. ಮೇಷ್ಟ್ರು ಹಾರ್ಮೋನಿಯಂ ತಿದಿಯನ್ನು ಮತ್ತೊಮ್ಮೆ ಒತ್ತಿ, ಶ್ರುತಿ ಕೊಟ್ಟು, ಈ ಸಲವಾದರೂ ಸರಿಯಾಗಿ ಎತ್ತು ಎಂದು ಕಣ್ಣಲ್ಲೇ ಗದರುತ್ತಾರೆ.